ಈದ ಕುರಿಯ ಎಡ ಕೆಚ್ಚಲಲ್ಲಿ ಹಾಲಿಲ್ಲ, ತೊಡೆಸಂದಿಯಲ್ಲಿ ಹಳದಿ ಅಂಟು: ಕೆಚ್ಚಲು ಬಾವಾ?

ಹಟ್ಟಿಕುರಿ: ಕೆಂಗುರಿ, ಎರಡನೇ ಸೂಲು. ನಿನ್ನೆ ಸಂಜೆ ಅವಳಿ ಮರಿ ಹಾಕಿದೆ. ಎರಡೂ ಮರಿ ಬಲ ಮೊಲೆಗೇ ಬೀಳುತ್ತಿವೆ. ಎಡಗಡೆ ಬಿಗಿದು ನಿಂತಿದೆ, ಹಿಂಡಿದರೆ ಹನಿಯೂ ಇಲ್ಲ. ಮೈಬಿಸಿ 102.8, ಮೇವು ತಿನ್ನುತ್ತಿದೆ. ಕೆಚ್ಚಲಿನ ಎರಡೂ ಪಕ್ಕ ತೊಡೆಸಂದಿಯಲ್ಲಿ ಗುಳಿ ಇದೆ, ಅದರೊಳಗೆ ಕಂದುಹಳದಿ ಅಂಟು. ಕೀವಾ? ಎಡ ಮೊಲೆಯ ಪಕ್ಕ ಕಡಲೆಕಾಳಿನಷ್ಟು ಇನ್ನೊಂದು ಮೊಲೆಯೂ ಇದೆ. ಹಸುವಿಗೆ ತಂದ ಕೆಚ್ಚಲು ಟ್ಯೂಬ್ (ಮೊಲೆಯ ತೂತಿನಿಂದ ಒಳಗೆ ಬಿಡುವ ಬಾವಿನ ಔಷಧಿ) ಮನೆಯಲ್ಲಿದೆ, ಏರಿಸಲಾ?

ಪಶುವೈದ್ಯ_ಹಳ್ಳಿ: ಟ್ಯೂಬ್ ಸದ್ಯಕ್ಕೆ ಬೇಡ. ಗುಳಿಯಲ್ಲಿರುವುದು ಕೀವಲ್ಲ, ಕುರಿಗೆ ಸಹಜವಾಗಿ ಬರುವ ಮೇಣ. ಪ್ರತಿ ಕುರಿಗೂ ಕೆಚ್ಚಲಿನ ಎರಡು ಪಕ್ಕ ಕೂದಲಿಲ್ಲದ ಚರ್ಮದ ಚೀಲವಿರುತ್ತದೆ. ಕೆರೆದು ತೆಗೆಯಬೇಡಿ, ಔಷಧಿ ಹಚ್ಚಬೇಡಿ. ಕಾಳಿನಷ್ಟಿರುವುದು ಹೆಚ್ಚುವರಿ ಮೊಲೆ, ಅದು ಹಾಲು ತಡೆಯುವುದಿಲ್ಲ. ಕತ್ತರಿಸುವ ಯೋಚನೆಯೂ ಬೇಡ.

ಹಸುವಿನ ಕೆಚ್ಚಲು ನಾಲ್ಕು ಭಾಗ, ಕುರಿ ಮೇಕೆಗೆ ಎರಡೇ. ಎಡಕ್ಕೂ ಬಲಕ್ಕೂ ನಡುವೆ ಗೋಡೆ ಇದೆ, ಹಾಲು ಆ ಕಡೆಯಿಂದ ಈ ಕಡೆಗೆ ಹೋಗುವುದಿಲ್ಲ. ಹಾಗಾಗಿ ಒಂದು ಪಾಲು ಕೆಟ್ಟು ಇನ್ನೊಂದು ಪೂರ್ತಿ ಚೆನ್ನಾಗಿರಬಹುದು. ಎಡ, ಬಲ ಹೇಳುವಾಗ ಕುರಿಯ ಹಿಂದೆ ನಿಂತು ನೋಡಿ ಹೇಳಿ. ಮುಂದಿನಿಂದ ನೋಡಿ ಹೇಳಿದರೆ ಔಷಧಿ ತಪ್ಪು ಪಾಲಿಗೆ ಹೋಗುತ್ತದೆ.

ಈಗ ಕೈಯಿಟ್ಟು ನೋಡಿ. ಬೆರಳಿಂದ ಒತ್ತಿದರೆ ಗುಳಿ ಬಿದ್ದು ನಿಧಾನ ತುಂಬಿದರೆ ನೀರು ತುಂಬಿದ ಊತ, ಈದ ಹೊಸದರಲ್ಲಿ ಸಾಮಾನ್ಯ. ಬಿಸಿಯಾಗಿ ಕೆಂಪಾಗಿ ಮುಟ್ಟಿದರೆ ಕಾಲೆತ್ತಿದರೆ ಬಾವು. ಒಳಗೆ ಗಟ್ಟಿ ಗಂಟು ಸಿಕ್ಕಿ ನೋವೇ ಇಲ್ಲದಿದ್ದರೆ ಹೋದ ಸೂಲಿನಲ್ಲಿ ಬಾವಾಗಿ ಗ್ರಂಥಿ ಒಣಗಿದೆ, ಅದಕ್ಕೆ ಹಾಲು ಮರಳುವುದಿಲ್ಲ. ಈ ಮೂರೂ ಅಲ್ಲದೆ ಬರೀ ತುಂಬಿ ಬಿಗಿದಿದ್ದರೆ ಮೊಲೆಯ ತುದಿಯಲ್ಲಿ ಬಿರಡೆ ಕೂತಿದೆ.

ಮೊದಲಹಾಲು: ಬಿರಡೆ ಬಿಡಿಸುವ ಕ್ರಮ ಹೇಳುತ್ತೇನೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೊಲೆಗೆ ಐದು ನಿಮಿಷ ಸುತ್ತಿಡಿ. ಕೈ ತೊಳೆದು, ಮೊಲೆಯ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಹೊಸೆಯಿರಿ. ನಂತರ ಮೊಲೆಯ ಬುಡವನ್ನು ಬಿಗಿ ಹಿಡಿದು ಕೆಳಕ್ಕೆ ಒತ್ತಿ. ಮೊದಲು ದಾರದಂತಹ ಮೇಣ ಬರುತ್ತದೆ, ಹಿಂದೆಯೇ ಗಿಣ್ಣು. ಕುರಿಯ ಮೊಲೆ ಪಕ್ಕಕ್ಕೆ ಮೂತಿ ಮಾಡಿರುವುದರಿಂದ ಹಾಲು ನಿಲ್ಲುವ ಜಾಗ ಮೊಲೆಗಿಂತ ಕೆಳಗಿರುತ್ತದೆ. ಅಂಗೈಯಿಂದ ಕೆಚ್ಚಲನ್ನು ಅಡಿಯಿಂದ ಎತ್ತಿ ಹಿಂಡದಿದ್ದರೆ ಅರ್ಧ ಹಾಲು ಒಳಗೇ ಉಳಿದು, ಪಾಲು ಗಟ್ಟಿಯಾಗಿಯೇ ಕಾಣುತ್ತದೆ.

ಗರಿಕೆ ಕಡ್ಡಿ, ಸೂಜಿ ಯಾವುದನ್ನೂ ಮೊಲೆಯೊಳಗೆ ಹಾಕಬೇಡಿ. ತುದಿಯನ್ನು ಬಿಗಿದು ಮುಚ್ಚುವ ಸ್ನಾಯು ಹರಿದರೆ ಹಾಲು ತಾನಾಗಿ ಸೋರುತ್ತದೆ, ರೋಗಾಣು ಒಳಹೋಗಲು ದಾರಿ ಆಗುತ್ತದೆ.

ಮೇಕೆಸಾಕು: ನಮ್ಮ ಮೇಕೆಗಳ ತೊಡೆಸಂದಿಯಲ್ಲಿ ಈ ಗುಳಿ ಕಂಡೇ ಇಲ್ಲವಲ್ಲ ಸರ್?

ಪಶುವೈದ್ಯ_ಹಳ್ಳಿ: ಮೇಕೆಗೆ ಇರುವುದಿಲ್ಲ, ಕುರಿಗೆ ಮಾತ್ರ.

ಹಟ್ಟಿಕುರಿ: ಬಂತು ಅಣ್ಣ! ಎರಡು ಇಂಚು ಉದ್ದದ ಹಳದಿ ಎಳೆ, ಆಮೇಲೆ ದಪ್ಪ ಗಿಣ್ಣು. ಕಪ್ಪು ಬಟ್ಟೆ ಮೇಲೆ ಹಿಂಡಿ ನೋಡಿದೆ, ಹೆಪ್ಪುಗಟ್ಟಿದ ಚೂರು ಕಾಣಲಿಲ್ಲ. ಹಾಲಿಗೆ ಸರ್ಫ್ ನೀರು ಬೆರೆಸಿ ಬಾವು ನೋಡುವ ಪರೀಕ್ಷೆ ಮಾಡಿದರೆ ಅಂಟಂಟಾಯಿತು. ಬಾವು ಇದೆ ಅಂತಾನಾ?

ಪಶುವೈದ್ಯ_ಹಳ್ಳಿ: ಈ ವಾರ ಆ ಪರೀಕ್ಷೆ ನಂಬಬೇಡಿ. ಗಿಣ್ಣಿನಲ್ಲಿ ಜೀವಕೋಶ ಹೆಚ್ಚಿರುವುದರಿಂದ ಆರೋಗ್ಯದ ಕೆಚ್ಚಲೂ ಅಂಟು ತೋರಿಸುತ್ತದೆ. ಬಲಗಡೆಯ ಹಾಲನ್ನೂ ಹಾಗೇ ಮಾಡಿ. ಎರಡೂ ಒಂದೇ ತರ ಇದ್ದರೆ ಚಿಂತೆ ಬೇಡ.

ಮರಿಗಳದ್ದೇ ಈಗ ಮುಖ್ಯ. ಹುಟ್ಟಿದ ಮೊದಲ ಆರು ಗಂಟೆಯಲ್ಲಿ ಕೆ.ಜಿ.ಗೆ 50 ಮಿ.ಲೀ. ಗಿಣ್ಣು ಒಳಗೆ ಹೋಗಿರಬೇಕಿತ್ತು, 3 ಕೆ.ಜಿ. ಮರಿಗೆ 150. ಹೊಟ್ಟೆ ಅಂಟಿಕೊಂಡಿರುವ ಮರಿಯನ್ನು ಈಗಲೇ ಎಡ ಮೊಲೆಗೆ ಹಿಡಿಯಿರಿ. ಬಾಯಿ ಹಾಕದಿದ್ದರೆ ಹಿಂಡಿ ನಿಪ್ಪಲ್ ಬಾಟಲಿಯಲ್ಲಿ ಕುಡಿಸಿ.

ಮೂರು ದಿನ ಬೆಳಗ್ಗೆ ಸಂಜೆ ಕೈಯಿಟ್ಟು ನೋಡುತ್ತಿರಿ. ಮೈಬಿಸಿ 104 ದಾಟಿದರೆ, ಹಾಲು ನೀರಾಗಿ ಕೆಂಪು ಬಂದರೆ, ಅಥವಾ ಎಡ ಹಿಂಗಾಲು ಎಳೆದು ನಡೆದರೆ ಅದೇ ದಿನ ಡಾಕ್ಟರನ್ನು ಕರೆಸಿ. ಕೆಚ್ಚಲು ತಣ್ಣಗಾಗಿ ನೀಲಿಗಟ್ಟಿದರೆ ಕೊಳೆಯುವ ಬಾವು, ಗಂಟೆಗಳ ಲೆಕ್ಕದಲ್ಲಿ ಕುರಿ ಹೋಗುತ್ತದೆ. ಡಾಕ್ಟರು ಟ್ಯೂಬ್ ಹೇಳಿದರೆ, ಹಸುವಿನ ನಳಿಕೆ ಕುರಿಯ ಮೊಲೆಗೆ ದಪ್ಪ, ಸ್ಪಿರಿಟ್‌ನಿಂದ ತುದಿ ಒರೆಸಿ 3 ಮಿ.ಮೀ. ಮಾತ್ರ ಒಳಗಿಟ್ಟು ಒತ್ತಬೇಕು. ಒಂದು ಪಾಲಿಗೆ ಒಂದು ಪೂರ್ತಿ ಟ್ಯೂಬ್, ಎರಡಕ್ಕೆ ಹಂಚಬಾರದು.

ಹಟ್ಟಿಕುರಿ: ಬಲ ಎಡ ಎರಡೂ ಒಂದೇ ತರ ಅಂಟಾಯಿತು ಸರ್. ಚಿಕ್ಕ ಮರಿ ಎಡಕ್ಕೆ ಹತ್ತಿ ಚೀಪುತ್ತಿದೆ.