ಅಪ್‌ಡೇಟ್: ಬಂಗುಡೆ ತಿಂದು ತುಟಿ ಚುಮುಚುಮು ಅಂದಿದ್ದು

ಹೋದ ವಾರ ಕೇಳಿದ್ದೆನಲ್ಲ, ವಿರಾಜಪೇಟೆಯಲ್ಲಿ ಕೊಂಡ ಬಂಗುಡೆಯಿಂದ ಅತ್ತೆ ಮಾಡಿದ ಸಾರು ತಿಂದು ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ, ಬಾಯಿ ಉರಿದು, ಹೊಟ್ಟೆ ಹಿಂಡಿ ಭೇದಿಯಾಯ್ತು, ಇದು ನರಕ್ಕೆ ಹೊಡೆಯುವ ವಿಷವಾ ಅಂತ. ಈಗ ಆರಾಮಾಗಿದ್ದೇನೆ.

ಡಾಕ್ಟರ್ ಹೇಳಿದ್ದು ಹಿಸ್ಟಮಿನ್, ಅಂದರೆ ಅಲರ್ಜಿಯಾದಾಗ ನಮ್ಮ ಮೈಯೇ ಬಿಡುವ ರಾಸಾಯನಿಕ. ಬಂಗುಡೆ, ಕೇದರ (ಟ್ಯೂನಾ) ಇಂಥ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲ (ಪ್ರೋಟೀನಿನ ಒಂದು ಅಂಶ) ಜಾಸ್ತಿ. ಐಸ್ ಕರಗಿ ಮೀನು ಬೆಚ್ಚಗಾದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ಅದು ಕರುಳಿನ ಸ್ನಾಯುವನ್ನು ಬಿಗಿ ಹಿಡಿಸುತ್ತದೆ, ಅದಕ್ಕೇ ಆ ಹಿಂಡುವ ನೋವು. ರಕ್ತನಾಳ ಹಿಗ್ಗಿ ಮುಖ ಕೆಂಪಾಗುತ್ತದೆ, ಚರ್ಮದ ನರ ಕೆರಳಿ ತುರಿಕೆ. ಅಲರ್ಜಿ ಮಾತ್ರೆಯಲ್ಲಿ ಸಂಜೆಗೆ ಇಳಿಯಿತು.

ನಾನು ಹೆದರಿದ್ದು ಸ್ಯಾಕ್ಸಿಟಾಕ್ಸಿನ್ ಅನ್ನುವ, ನರಕ್ಕೆ ಹೊಡೆಯುವ ವಿಷಕ್ಕೆ. ಅದು ಬೇರೆಯೇ ಕಥೆ. ಕೆಲವು ಸಮುದ್ರ ಪಾಚಿಗಳಲ್ಲಿ ಹುಟ್ಟಿ, ನೀರು ಸೋಸಿ ತಿನ್ನುವ ಕಲ್ಲುಮ್ಮಕಾಯಿ, ಮರುವಾಯಿಯಂಥ ಚಿಪ್ಪುಮೀನಿನಲ್ಲಿ ಸೇರಿಕೊಳ್ಳುತ್ತದೆ. ನರದೊಳಗೆ ಸೋಡಿಯಂ ನುಗ್ಗುವ ಬಾಗಿಲನ್ನೇ ಮುಚ್ಚುವುದರಿಂದ ಸಂದೇಶ ಹೋಗುವುದಿಲ್ಲ. ತುಟಿ ಮರಗಟ್ಟಿ, ಕೈಕಾಲು ಸೋತು, ಕೊನೆಗೆ ಉಸಿರಾಟದ ಸ್ನಾಯುವೂ ನಿಲ್ಲಬಹುದು. ಅದಕ್ಕೆ ಪ್ರತಿವಿಷವಿಲ್ಲ, ವಿಷ ಇಳಿಯುವವರೆಗೆ ಉಸಿರಾಟಕ್ಕೆ ಆಸರೆ ಕೊಡಬೇಕು. ತುಟಿ ಮರಗಟ್ಟಿ ಮಾತು ತೊದಲಿದರೆ ಕಾಯದೆ ಆಸ್ಪತ್ರೆಗೆ ಓಡಿ.

ಅತ್ತೆ ಮಾತ್ರ 'ಕಾಚಂಪುಳಿ (ಕೊಡಗಿನ ಹಣ್ಣಿನ ಹುಳಿ) ಹಾಕಿ ಚೆನ್ನಾಗಿ ಕುದಿಸಿದ್ದೆನಲ್ಲ ಮಗಾ' ಅಂತ ಬೇಜಾರಾದರು. ಪಾಪ, ಅವರ ತಪ್ಪಲ್ಲ. ಎರಡೂ ವಿಷ ಕುದಿಸಿದರೆ ಹೋಗುವುದಿಲ್ಲ, ಹುಳಿಗೂ ಬಗ್ಗುವುದಿಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬರುವ ಮೀನು ಅಲ್ವಾ, ಈಗ ಪೆಟ್ಟಿಗೆಗೆ ಕೈ ಹಾಕಿ ಐಸ್ ಇದೆಯಾ ನೋಡಿಯೇ ಕೊಳ್ಳುತ್ತೇನೆ. ಅಂಗಡಿಯವನು ಗುರಾಯಿಸಿದರೂ ಸರಿ.