ರಿಲ್ಯಾಕ್ಸ್: 10:15ರಿಂದ 11:40

ವಾಸು: ಒಂದು ವಾರ, ಸಮುದ್ರತೀರ, ಮನೆಮಂದಿಯೆಲ್ಲ. ಎಕ್ಸೆಲ್ ಶೀಟ್ ಕಳಿಸಿದೀನಿ, ನೋಡಿದ್ರಾ?

ಮೂರ್ತಿ: ನೋಡ್ದೆ. ‘10:15ರಿಂದ 11:40: ರಿಲ್ಯಾಕ್ಸ್’. 11:41ಕ್ಕೂ ರಿಲ್ಯಾಕ್ಸ್ ಆಗ್ತಾ ಇದ್ರೆ ದಂಡ ಎಷ್ಟಯ್ಯಾ?

ಸರೋಜ: ದಂಡ ಇಲ್ಲ, ಅಲಾರಂ ಇದೆ.

ವಾಸು: ನಗಬೇಡಿ. ಪ್ಲಾನ್ ಇಲ್ದಿದ್ರೆ ರಜೆ ಸುಮ್ಮನೆ ಕಳೆದುಹೋಗುತ್ತೆ.

ಮೂರ್ತಿ: ಸುಮ್ಮನೆ ಕಳೆಯೋಕೇ ಅಲ್ವೇನೋ ರಜೆ ಹಾಕೋದು! ಏಳೂ ದಿನ 6:30ಕ್ಕೆ ‘ಒದ್ದೆ ಮರಳಲ್ಲಿ ವಾಕಿಂಗ್’ ಅಂತ ಕಾಪಿ ಹೊಡೆದಿದೀಯ. ಸಮುದ್ರ ನಿನ್ನ ಶೀಟ್ ಓದಲ್ಲ. ಚಂದ್ರನ ದೆಸೆಯಿಂದ ಉಬ್ಬರ-ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗುತ್ತೆ. ದಿನಕ್ಕೆ ಎರಡು ಉಬ್ಬರ ಬರೋ ತೀರದಲ್ಲಿ, ಮೊದಲ ದಿನ 6:30ಕ್ಕೆ ಪೂರ್ತಿ ಇಳಿತ ಸಿಕ್ಕಿದ್ರೆ ವಾರದ ಕೊನೆಗೆ ಅದೇ ಹೊತ್ತಿಗೆ ನೀರು ಹೆಚ್ಚುಕಮ್ಮಿ ತುಂಬಿರುತ್ತೆ. ವಾಕಿಂಗ್ ಅಲ್ಲ, ತೇಲಿಂಗ್.

ಗೋಪಿ: ‘ಹುಣ್ಣಿಮೆ ರಾತ್ರಿ ಮರಳ ಮೇಲೆ ಡಿನ್ನರ್’ ಅಂತಾನೂ ಇದೆ.

ಮೂರ್ತಿ: ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲೇ ಉಬ್ಬರ ಎಲ್ಲಕ್ಕಿಂತ ಮೇಲಕ್ಕೆ ಬರೋದು. ಮೇಜು ಹಾಕೋ ಮುಂಚೆ ಮರಳ ಮೇಲೆ ಕಸಕಡ್ಡಿ, ಪಾಚಿ ಸಾಲುಗಟ್ಟಿ ಬಿದ್ದಿರೋದು ನೋಡು. ನೀರು ಅಲ್ಲೀವರೆಗೂ ಬಂದು ಹೋಗಿದೆ ಅಂತ ಅರ್ಥ.

ಸರೋಜ: ಸನ್‌ಸ್ಕ್ರೀನ್‌ಗೆ ಐದು ನಿಮಿಷ ಕೊಟ್ಟಿದಾರೆ. ಐದು ಜನಕ್ಕೆ 100 ಎಂಎಲ್ ಟ್ಯೂಬ್, ಅದೂ ಒಂದೇ.

ಮೂರ್ತಿ: ದೊಡ್ಡವರಿಗೆ ಮೈಗೆಲ್ಲ ಹಚ್ಚೋಕೆ ಸುಮಾರು 30 ಎಂಎಲ್ ಬೇಕು. ನೀವಿಬ್ಬರು, ಅಮ್ಮ, ಅಲ್ಲಿಗೆ 90 ಆಯ್ತು. ಮಕ್ಕಳ ಸರದಿ ಬರೋ ಹೊತ್ತಿಗೆ ಟ್ಯೂಬ್ ಹಿಂಡಿ ಹಿಪ್ಪೆ. ಎರಡು ಗಂಟೆ ಆದಮೇಲೆ ಮತ್ತೆ ಹಚ್ಚಬೇಕು, ನೀರಿಂದ ಎದ್ದು ಬಂದಾಗಲೂ ಹಚ್ಚಬೇಕು.

ವಾಸು: ಛತ್ರಿ ತಗೊಂಡು ಹೋಗ್ತಿದೀನಲ್ಲ.

ಮೂರ್ತಿ: ನೆರಳಲ್ಲಿ ಕೂತರೂ ಮರಳಿಂದ ಬಿಸಿಲು ಪುಟಿದು ಮುಖಕ್ಕೆ ಹೊಡೆಯುತ್ತೆ. ಇನ್ನು ಛತ್ರೀನ ಸುಮ್ಮನೆ ಚುಚ್ಚಿ ಬಂದ್ರೆ ಮಧ್ಯಾಹ್ನದ ಕಡಲಗಾಳಿಗೆ ಕಿತ್ತುಕೊಂಡು ಹೋಗುತ್ತೆ. ಕೋಲನ್ನ ಹಿಂದಕ್ಕೆ ಮುಂದಕ್ಕೆ ಆಡಿಸ್ತಾ ಎರಡಡಿ ಇಳಿಸು. ಬುಡಕ್ಕೆ ಒದ್ದೆ ಮರಳು ತುಂಬಿ ತುಳಿ. ಗಾಳಿ ಬರೋ ಕಡೆಗೇ ಬಾಗಿಸಿ ನಿಲ್ಲಿಸು. ಉಲ್ಟಾ ಬಾಗಿಸಿದ್ರೆ ಗಾಳಿ ಒಳಗೆ ತುಂಬಿಕೊಂಡು, ಹೋಗಿ ಪಕ್ಕದ ಸಂಸಾರದ ರಿಲ್ಯಾಕ್ಸ್ ಮೇಲೆ ಬೀಳುತ್ತೆ.

ಗೋಪಿ: ಊಟದ ವಿಷಯಕ್ಕೆ ಬನ್ರೋ. ‘1:00ರಿಂದ 1:25 ಊಟದ ಫೋಟೊ, 1:25ರಿಂದ 1:45 ಊಟ’. ಅಯ್ಯೋ ಪಾಪಿ! ಕರಿದ ಮೀನಿನ ಗರಿಗರಿ ನಿಲ್ಲೋದೇ ಕೆಲವು ನಿಮಿಷ. ಒಳಗಿನ ಹಬೆ ಹೊರಗೆ ಬಂದು ಮೇಲ್ಪದರ ಮೆತ್ತಗಾಗುತ್ತೆ, ಉಳಿದಿದ್ದನ್ನ ಕಡಲ ತೇವ ಮುಗಿಸುತ್ತೆ.

ವಾಸು: ಮೀನು ನಾವೇ ಆರಿಸಿ ತರ್ತೀವಿ. 11:45ಕ್ಕೆ.

ಗೋಪಿ: ಆರಿಸೋಕೆ ಬರುತ್ತಾ? ಕಣ್ಣು ಉಬ್ಬಿ ಹೊಳೀತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದ್ರೆ ಗುಳಿ ನಿಲ್ಲಬಾರದು. ತಗೊಂಡ ತಕ್ಷಣ ಐಸಿಗೆ ಹಾಕು. ಬಂಗುಡೆಯಂಥ ಮೀನನ್ನ ಬಿಸಿಲಲ್ಲಿ ಬಿಟ್ರೆ ಒಳಗೆ ಹಿಸ್ಟಮಿನ್ ಹುಟ್ಟುತ್ತೆ. ಆಮೇಲೆ ಎಷ್ಟು ಕರಿದರೂ ಅದು ಹೋಗಲ್ಲ. ತಿಂದೋರ ಮುಖ ಕೆಂಪಾಗಿ ತಲೆನೋವು ಬರುತ್ತೆ.

ಮೂರ್ತಿ: ಫೋಟೋಲಿ ಮಾತ್ರ ಮುಖಕ್ಕೆ ಒಳ್ಳೆ ಬಣ್ಣ ಬಂದಿರುತ್ತೆ.

ಸರೋಜ: ‘4:00, ನೀರಾಟ, ಅಲೆ ಇಲ್ಲದ ಜಾಗ ಹುಡುಕುವುದು’.

ಮೂರ್ತಿ: ಇದಕ್ಕೆ ನಾನು ನಗಲ್ಲ. ಎರಡೂ ಕಡೆ ಅಲೆ ಒಡೀತಿದ್ದು ನಡುವೆ ಮಾತ್ರ ನೀರು ಸಾಧುವಾಗಿದ್ರೆ, ದಡಕ್ಕೆ ಬಂದ ನೀರು ಕಡಲಿಗೆ ವಾಪಸ್ ಹರಿಯೋ ದಾರಿ ಅದು ಇರಬಹುದು. ಒಳ್ಳೆ ಈಜುಗಾರನ್ನೂ ಎಳ್ಕೊಂಡು ಹೋಗುತ್ತೆ. ಸಿಕ್ಕಿಕೊಂಡ್ರೆ ದಡದ ಕಡೆ ಗುದ್ದಾಡಿ ಸುಸ್ತಾಗಬೇಡಿ. ತೇಲ್ತಾ ಕೈ ಎತ್ತಿ ಕರೀರಿ. ಶಕ್ತಿ ಇದ್ರೆ ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ, ಸೆಳೆತ ದಾಟಿದಮೇಲೆ ದಡಕ್ಕೆ ತಿರುಗಿ. ಮೇಲೆ ಕೆಂಪು, ಕೆಳಗೆ ಹಳದಿ ಇರೋ ಎರಡು ಬಾವುಟಗಳ ಮಧ್ಯೆ ಲೈಫ್‌ಗಾರ್ಡ್ ಕಣ್ಣಿರುತ್ತೆ, ಆಡೋದು ಅಲ್ಲೇ. ಬರೀ ಕೆಂಪು ಹಾರಾಡ್ತಿದ್ರೆ ನೀರಿಗೇ ಇಳೀಬೇಡಿ.

ಸರೋಜ: ರೀ, ಅಮ್ಮನ ಕಾಲಂ ಯಾಕೆ ಖಾಲಿ ಬಿಟ್ಟಿದೀರ?

ವಾಸು: ಏನೂ ಬೇಡ ಅಂದ್ರು ಕಣೆ. ಒಂದು ಕುರ್ಚಿ ಹಾಕಿಕೊಡು, ಮಕ್ಕಳು ಗುಂಡಿ ತೋಡೋದು ನೋಡ್ತಾ ಕೂತಿರ್ತೀನಿ ಅಂದ್ರು.

ಮೂರ್ತಿ: ನಿಮ್ಮನೇಲಿ ರಜೆಗೆ ಹೋಗ್ತಿರೋದು ಅವರೊಬ್ಬರೇ ಕಣೋ, ಉಳಿದೋರೆಲ್ಲ ಡ್ಯೂಟಿಗೆ. ಚಿಕ್ಕೋರಿದ್ದಾಗ ನಮಗೂ ಅದು ಬರ್ತಿತ್ತು. ಹೊಟ್ಟೆ ಹಸಿದಾಗಲೇ ಸಂಜೆ ಆಯ್ತು ಅಂತ ಗೊತ್ತಾಗ್ತಿದ್ದದ್ದು. ಯಾವಾಗ ಮರೆತ್ವೋ!

ಗೋಪಿ: ಗುಂಡಿ ಮಕ್ಕಳ ಮೊಣಕಾಲಿಗಿಂತ ಆಳ ಆಗಬಾರದು, ಹೇಳಿರು. ಮರಳು ಕುಸಿದ್ರೆ ಎತ್ತೋಕೂ ಬಿಡಲ್ಲ. ಏಳೋ ಮುಂಚೆ ಮುಚ್ಚಿ ಬರಬೇಕು.

ವಾಸು: ಸರಿ ಮಾರಾಯ, ಎಲ್ಲಾ ಅಳಿಸಿದೆ. ಅಮ್ಮನ ಕಾಲಮ್ಮನ್ನೇ ಎಲ್ಲರಿಗೂ ಕಾಪಿ ಮಾಡಿದೀನಿ. ಸಮಾಧಾನನಾ?

ಮೂರ್ತಿ: ಉಬ್ಬರ-ಇಳಿತದ ಪಟ್ಟಿ ಒಂದು ಇಟ್ಕೋ.

ವಾಸು: ಅದೂ ಟೈಮ್‌ಟೇಬಲ್ಲೇ ಅಲ್ವೇನೋ!

ಮೂರ್ತಿ: ಹೌದು. ಆದ್ರೆ ಅದು ದಿನಾ 50 ನಿಮಿಷ ಲೇಟಾಗಿ ಬರುತ್ತೆ, ಯಾರಿಗೂ ಸಾರಿ ಹೇಳಲ್ಲ.