ಪದಚರ್ಚೆ: ‘ಉಳುಕು’ ಅಂದರೆ ಸ್ಪ್ರೇನೋ, ಸ್ಟ್ರೇನೋ?

ಬಳಗಕ್ಕೆ ನಮಸ್ಕಾರ.

ಹೈಸ್ಕೂಲಿನ ಆಟದ ಮೇಷ್ಟ್ರುಗಳಿಗಾಗಿ ಪ್ರಥಮ ಚಿಕಿತ್ಸೆಯ ಎರಡು ಪುಟದ ಹಾಳೆಯೊಂದು ಕನ್ನಡಕ್ಕೆ ಬರಬೇಕಿದೆ. ಸ್ಪ್ರೇನ್ (ಕೀಲಿನ ಕಟ್ಟಿಗೆ ಆಗುವ ಪೆಟ್ಟು), ಸ್ಟ್ರೇನ್ (ಮಾಂಸಖಂಡಕ್ಕೆ ಆಗುವ ಪೆಟ್ಟು) ಎರಡಕ್ಕೂ ‘ಉಳುಕು’ ಬಿಟ್ಟರೆ ಬೇರೆ ಮಾತು ತೋಚುತ್ತಿಲ್ಲ. ಲಿಗಮೆಂಟಿಗೆ ‘ಅಸ್ಥಿರಜ್ಜು’, ಟೆಂಡನ್ನಿಗೆ ‘ಸ್ನಾಯುರಜ್ಜು’ ಅಂತ ಬರೆದರೆ ಓದುವವರಿಗೆ ಎರಡೂ ಒಂದೇ ಹಗ್ಗ. ಇನ್ನು ‘ನರ ಹಿಡಿದಿದೆ’ ಅನ್ನುವುದನ್ನು ಯಾವ ಲೆಕ್ಕಕ್ಕೆ ಹಾಕುವುದು? ತಿಳಿದವರು ಹೇಳಬೇಕು.

*

ಉತ್ತರ 1

ಮೊದಲು ಕಾಗುಣಿತ. ‘ಉಳುಕು’ ಸರಿ, ‘ಕಾಲು ಹುಳುಕಿದೆ’ ತಪ್ಪು. ಹುಳುಕು ಬಂದದ್ದು ಹುಳುವಿನಿಂದ; ಹುಳುಕು ಹಲ್ಲು, ಹುಳುಕು ಕಾಳು ಅನ್ನುತ್ತೇವಲ್ಲ, ಅದು. ಹಕಾರ ನುಂಗಿ ಮಾತಾಡುವ ಕಡೆ ತಿದ್ದಿ ಬರೆಯುವ ಭರದಲ್ಲಿ ಇಲ್ಲದ ಹಕಾರವೂ ಬಂದು ಕೂರುತ್ತದೆ. ಮಲಯಾಳದಲ್ಲಿ ಇದೇ ಮಾತು ‘ಉಳುಕ್ಕ್’; ತೆಲುಗಿನಲ್ಲಿ ಮಾತು ಬೇರೆ, ‘ಬೆಣುಕು’.

‘ಉಳುಕು’ ಏನಾಯಿತು ಅನ್ನುವುದನ್ನಷ್ಟೇ ಹೇಳುತ್ತದೆ, ಯಾವುದಕ್ಕೆ ಆಯಿತು ಅನ್ನುವುದನ್ನಲ್ಲ. ಪಾದ ಒಳಕ್ಕೆ ಮಗುಚಿ ಹೊರಗಿನ ಗಿಣ್ಣಿನ ಕೆಳಗೆ ಬಾತರೂ ಉಳುಕು, ಬಿಂದಿಗೆ ಎತ್ತುವಾಗ ಸೊಂಟ ಹಿಡಿದರೂ ಉಳುಕು. ಮೊದಲನೆಯದರಲ್ಲಿ ಎಳೆದುಹೋದದ್ದು ಮೂಳೆಗೆ ಮೂಳೆಯನ್ನು ಬಿಗಿದಿಡುವ ಕಟ್ಟು, ಅಂದರೆ ಲಿಗಮೆಂಟ್. ಎರಡನೆಯದರಲ್ಲಿ ಸಾಮಾನ್ಯವಾಗಿ ಮಾಂಸಖಂಡ, ಇಲ್ಲವೇ ಅದನ್ನು ಮೂಳೆಗೆ ಅಂಟಿಸುವ ಟೆಂಡನ್. ನನ್ನ ಸಲಹೆ: ಸ್ಪ್ರೇನಿಗೆ ‘ಕೀಲು ಉಳುಕು’, ಸ್ಟ್ರೇನಿಗೆ ‘ಮಾಂಸಖಂಡದ ಎಳೆತ’. ಲಿಗಮೆಂಟನ್ನು ಹಾಗೆಯೇ ಬಿಡಿ. ‘ಲಿಗಮೆಂಟ್ ಟೇರ್ ಆಗಿದೆ’ ಅಂತ ಹಳ್ಳಿಯ ಕಬಡ್ಡಿ ಅಂಗಳದಲ್ಲೂ ಅನ್ನುತ್ತಾರೆ. ‘ಅಸ್ಥಿರಜ್ಜು ಹರಿದಿದೆ’ ಅಂತ ಯಾರೂ ಅಂದದ್ದಿಲ್ಲ.

‘ಸ್ನಾಯು’ ಪದವನ್ನೂ ಬೇಕೆಂದೇ ಬಿಟ್ಟೆ. ಸುಶ್ರುತ ಸಂಹಿತೆಯಲ್ಲಿ ಸ್ನಾಯು 900, ಪೇಶಿ 500. ಎರಡೂ ಬೇರೆ ಬೇರೆ. ಅಲ್ಲಿ ಮಾಂಸಖಂಡ ಅಂದರೆ ಪೇಶಿ, ಸ್ನಾಯು ಅಂದರೆ ಕಟ್ಟುವ ನಾರು. ಕನ್ನಡದಲ್ಲಿ ಸ್ನಾಯು ಮಾಂಸಖಂಡವಾಗಿ ಕೂತಿದೆ. ಈಗ ಅದನ್ನು ಎಬ್ಬಿಸುವುದು ಆಗದ ಮಾತು, ಆದರೆ ‘ಸ್ನಾಯುರಜ್ಜು’ ಯಾಕೆ ಗೊಂದಲ ಮಾಡುತ್ತದೆ ಅನ್ನುವುದಕ್ಕೆ ಕಾರಣ ಇಲ್ಲಿದೆ.

ಸ್ಟ್ರೇನಿಗೆ ‘ಸ್ನಾಯು ಸೆಳೆತ’ ಅಂತ ಮಾತ್ರ ಬರೆಯಬೇಡಿ. ಸೆಳೆತ ಅಂದರೆ ಜನಕ್ಕೆ ಕ್ರ್ಯಾಂಪ್: ರಾತ್ರಿ ಮಲಗಿದ್ದಾಗ ಮೀನಖಂಡ ಗಂಟು ಕಟ್ಟಿಕೊಳ್ಳುತ್ತದಲ್ಲ, ಅದು. ಅದಕ್ಕೆ ಮಂಡಿ ನೇರ ಮಾಡಿ ಕಾಲ್ಬೆರಳುಗಳನ್ನು ಮೈಕಡೆಗೆ ಎಳೆದು ಹಿಡಿದರೆ ಬಿಡುತ್ತದೆ. ಓಡುವಾಗ ಅದೇ ಮೀನಖಂಡದಲ್ಲಿ ಹಿಂದಿನಿಂದ ಯಾರೋ ಕಲ್ಲು ಹೊಡೆದ ಹಾಗಾಗಿ ನೋವು ಹಾಗೇ ಉಳಿದರೆ ಅದು ಹರಿದ ಮಾಂಸಖಂಡ. ಅದನ್ನು ಹಾಗೆ ಎಳೆದರೆ ಹರಕು ದೊಡ್ಡದಾಗುತ್ತದೆ. ಒಂದೇ ಪದಕ್ಕೆ ಒಂದಕ್ಕೊಂದು ವಿರುದ್ಧವಾದ ಎರಡು ಉಪಚಾರ. ಮೇಷ್ಟ್ರು ಹಾಳೆ ನೋಡಿ ಮಾಡುವ ತಪ್ಪು ಇದೇ ಆಗಿರುತ್ತದೆ.

ನಮ್ಮಲ್ಲಿ ನಾಮಪದಕ್ಕಿಂತ ಅದರ ಹಿಂದೆ ಬರುವ ಕ್ರಿಯಾಪದವೇ ಹೆಚ್ಚು ತೊಂದರೆ ಕೊಡುವುದು. ಉಳುಕಿದರೆ ‘ತೆಗೆಸಬೇಕು’, ಹಿಡಿದರೆ ‘ಬಿಡಿಸಬೇಕು’, ಜಾರಿದರೆ ‘ಕೂರಿಸಬೇಕು’. ‘ಉಳುಕು ತೆಗೆ’ ಅಂದಕೂಡಲೇ ಒಳಗೆ ಏನೋ ಸಿಕ್ಕಿಕೊಂಡಿದೆ, ಎಳೆದರೆ ಹೊರಗೆ ಬರುತ್ತದೆ ಅನ್ನಿಸಿ ಎಣ್ಣೆ ಹಚ್ಚಿ ನೀವಲು ಶುರು. ಒಳಗೆ ಇರುವುದು ಹರಿದ ನಾರು, ಒಸರುತ್ತಿರುವ ರಕ್ತ. ಮೊದಲ 2-3 ದಿನ ನೀವುವುದು, ಬಿಸಿ ಶಾಖ ಎರಡೂ ಬಾವು ಹೆಚ್ಚಿಸುತ್ತವೆ. ಹಾಳೆಯಲ್ಲಿ ‘ಉಳುಕು ತೆಗೆಯಬೇಡಿ’ ಅಂತ ಜನರ ಮಾತಿನಲ್ಲೇ ಒಂದು ಸಾಲು ಇರಲಿ. ಭುಜದ ಕೀಲು ತಪ್ಪಿದ್ದರೂ ಹಾಗೆಯೇ: ಕೂರಿಸಲು ಹೋಗದೆ ಕೈ ಇರುವ ಭಂಗಿಯಲ್ಲೇ ಜೋಳಿಗೆ ಕಟ್ಟಿ ಆಸ್ಪತ್ರೆಗೆ ಕಳಿಸುವುದು.

ಅಂದಹಾಗೆ, ‘ಐಸಿನ ಶಾಖ ಕೊಡಿ’ ಅಂತ ಬರೆಯುವವರಿದ್ದಾರೆ! ‘ಶಾಖ’ ಕಂಡವರು ನೀರು ಕಾಯಿಸುತ್ತಾರೆ. ‘ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, 2-3 ಗಂಟೆಗೊಮ್ಮೆ’ ಅಂದರೆ ಸಾಕು.

‘ನರ’ ಕನ್ನಡದಲ್ಲಿ ಮೂರು ಸಾಮಾನಿನ ಚೀಲ. ಮುಂಗೈ ಗಾಜಿಗೆ ಕೊಯ್ದು ‘ನರ ಕಟ್ಟಾಗಿದೆ’ ಅಂದರೆ ಯಾವುದು? ರಕ್ತ ಚಿಮ್ಮಿದರೆ ರಕ್ತನಾಳ. ಬೆರಳಿನ ತುದಿ ಜೋಮು ಹಿಡಿದು ಮುಟ್ಟಿದ್ದು ತಿಳಿಯದಿದ್ದರೆ ನಿಜವಾದ ನರ. ಬೆರಳು ಮಡಿಸಲು ಆಗದಿದ್ದರೆ ಟೆಂಡನ್. ಗಾಯ ಸಣ್ಣದಾಗಿ ಕಂಡರೂ ಕೊನೆಯ ಎರಡಕ್ಕೆ ಅದೇ ದಿನ ಆಸ್ಪತ್ರೆ ಬೇಕು. ಹಾಳೆಯಲ್ಲಿ ಬರೀ ‘ನರ’ ಎಲ್ಲೂ ಬರದಂತೆ ನೋಡಿಕೊಳ್ಳಿ.

*

ಉತ್ತರ 2

ಮೇಲಿನ ಮಾತು ಒಪ್ಪಿದೆ, ಆದರೆ ‘ಕೀಲು ಉಳುಕು’ ಮಕ್ಕಳ ವಿಷಯದಲ್ಲಿ ಮೋಸ ಮಾಡಬಹುದು. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಮೆದು ಪದರ ಇರುತ್ತದೆ. ಅದು ಲಿಗಮೆಂಟಿಗಿಂತ ದುರ್ಬಲ. ದೊಡ್ಡವರಲ್ಲಿ ಲಿಗಮೆಂಟ್ ಹರಿಯುವ ಪೆಟ್ಟಿಗೆ ಹುಡುಗರಲ್ಲಿ ಆ ಪದರವೇ ಬಿಡಬಹುದು. ಪುಟ್ಟ ಮಗುವನ್ನು ಒಂದೇ ಕೈ ಹಿಡಿದು ಎತ್ತಿದಾಗ ‘ಕೈ ಉಳುಕಿತು’ ಅನ್ನುವುದೂ ಉಳುಕಲ್ಲ, ಮೊಣಕೈಯಲ್ಲಿ ಮೂಳೆಯ ತಲೆ ತನ್ನನ್ನು ಬಳೆಯಂತೆ ಸುತ್ತಿದ ಲಿಗಮೆಂಟಿನಿಂದ ಅರ್ಧ ಜಾರಿರುತ್ತದೆ. ಕಂಕುಳಿಗೆ ಕೈ ಕೊಟ್ಟು ಎತ್ತಿದರೆ ಹೀಗಾಗುವುದಿಲ್ಲ.

‘ಬರೀ ಕ್ರ್ಯಾಕು, ಫ್ರ್ಯಾಕ್ಚರ್ ಅಲ್ಲ’ ಅನ್ನುವುದನ್ನೂ ಸೇರಿಸಿ. ಮೂಳೆಯ ಬಿರುಕೂ ಮುರಿತವೇ. ಪಾದದ ಕೀಲಿಗೆ ಯಾವಾಗ ಎಕ್ಸ್-ರೇ ಅನ್ನುವುದಕ್ಕೆ 1992ರಲ್ಲಿ ಕೆನಡಾದ ಒಟ್ಟಾವಾದಲ್ಲಿ ರೂಪಿಸಿದ ಸೂತ್ರ ಒಳ್ಳೆಯದು: ಒಳಗಿನ ಅಥವಾ ಹೊರಗಿನ ಗಿಣ್ಣಿನ ತುದಿಯಲ್ಲಿ, ಇಲ್ಲವೇ ಹಿಂದಂಚಿನ 6 ಸೆಂ.ಮೀ. ಉದ್ದಕ್ಕೆ ಮೂಳೆಯನ್ನೇ ಒತ್ತಿದಾಗ ನೋವಾದರೆ, ಅಥವಾ ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ಹೊತ್ತಿಗೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್-ರೇ ಬೇಕು. ಇದು ದೊಡ್ಡವರಿಗಾಗಿ ಮಾಡಿದ್ದು; ಮಕ್ಕಳಲ್ಲಿ ಅನುಮಾನ ಬಂದರೆ ಸೂತ್ರ ನೋಡುತ್ತಾ ಕೂರಬೇಡಿ.

ಇನ್ನೊಂದು ಕ್ರಿಯಾಪದ. ‘ಪಟ್ಟಿ ಬಿಗಿಯಾಗಿ ಕಟ್ಟಿ’ ಅಂದರೆ ಹಗ್ಗದ ಹಾಗೆ ಬಿಗಿಯುತ್ತಾರೆ. ‘ಅಡಕವಾಗಿ ಸುತ್ತಿ’ ಅನ್ನಿ: ಕ್ರೇಪ್ ಬ್ಯಾಂಡೇಜನ್ನು ಬೆರಳ ಬುಡದಿಂದ ಮೇಲಕ್ಕೆ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ, ಹಿಮ್ಮಡಿ ಬಿಡದೆ. ಆಮೇಲೆ ಉಗುರು ಒತ್ತಿ ಬಿಟ್ಟರೆ 2 ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಮರಳದಿದ್ದರೆ, ಜೋಮು ಹಿಡಿದರೆ, ಬಿಚ್ಚಿ ಸಡಿಲವಾಗಿ ಸುತ್ತುವುದು.

‘ಕಣಕಾಲು’ ಬಗ್ಗೆ ಮಾತ್ರ ನನಗೂ ಪ್ರಶ್ನೆ ಇದೆ. ಕೆಲವರಿಗೆ ಅದು ಗಿಣ್ಣಿನ ಜಾಗ, ಕೆಲವರಿಗೆ ಮಂಡಿಯಿಂದ ಕೆಳಗಿನ ಇಡೀ ಕಾಲು. ಹಾಳೆಯಲ್ಲಿ ಸದ್ಯಕ್ಕೆ ‘ಪಾದದ ಕೀಲು’ ಅಂತಲೇ ಬರೆಯಿರಿ. ನಿಮ್ಮ ನಿಮ್ಮ ಕಡೆ ‘ಕಣಕಾಲು’ ಅಂದರೆ ಎಲ್ಲಿಂದ ಎಲ್ಲಿಗೆ ಅಂತ ಉಳಿದವರು ತಿಳಿಸಬಹುದೇ?